ಮಾತ್ರೆಯನ್ನು ವಿಷ ಮಾಡುವುದು ಪರೋಪಜೀವಿಯೇ

"ಈ ಮಾತ್ರೆ ಅಮೀಬಾವನ್ನು ಕೊಲ್ಲುತ್ತೆ ಅಂತೀರಿ, ಹಾಗಾದ್ರೆ ನನ್ನ ಜೀವಕೋಶಗಳಿಗೆ ಏನೂ ಆಗಲ್ವಾ?" ಮೆಟ್ರೊನಿಡಜೋಲ್ ಬರೆದುಕೊಟ್ಟಾಗ ರೋಗಿಗಳು ಹೀಗೆ ಕೇಳಿದರೆ ನನಗೆ ತುಂಬ ಖುಷಿ. ಯಾಕೆಂದರೆ ಉತ್ತರ ಸೊಗಸಾಗಿದೆ. ಆ ಮಾತ್ರೆ ಹುಟ್ಟಾ ವಿಷವಲ್ಲ. ಅದನ್ನು ವಿಷವಾಗಿ ಬದಲಾಯಿಸುವುದು ಅಮೀಬಾವೇ.

ಯಾವುದೇ ಜೀವಕೋಶ ಆಹಾರದಿಂದ ಎಲೆಕ್ಟ್ರಾನ್ ತೆಗೆದು ಬೇರೊಂದಕ್ಕೆ ದಾಟಿಸುತ್ತಾ ಬದುಕುತ್ತದೆ. ಈ ಕೊಡು-ಕೊಳ್ಳುವಿಕೆಯೇ ರೆಡಾಕ್ಸ್. ನಮ್ಮಲ್ಲಿ ಕೊನೆಗೆ ಎಲೆಕ್ಟ್ರಾನ್ ಪಡೆಯುವುದು ಆಮ್ಲಜನಕ. ಅಮೀಬಾ, ಜಿಯಾರ್ಡಿಯಾ, ಟ್ರೈಕೊಮೊನಾಸ್ ಎಂಬ ಪರೋಪಜೀವಿಗಳು ಬೆಳೆಯುವ ಜಾಗದಲ್ಲಿ ಆಮ್ಲಜನಕ ಕಡಿಮೆ. ಅವು ಫೆರೆಡಾಕ್ಸಿನ್ ಎಂಬ ಪ್ರೋಟೀನಿನ ಮೂಲಕ ಎಲೆಕ್ಟ್ರಾನ್ ಸಾಗಿಸುತ್ತವೆ. ಎಲೆಕ್ಟ್ರಾನನ್ನು ಮುಂದಕ್ಕೆ ತಳ್ಳುವ ಅದರ ಒತ್ತಡ ನಮ್ಮ ಕಿಣ್ವಗಳದ್ದಕ್ಕಿಂತ ಜಾಸ್ತಿ. ಮೆಟ್ರೊನಿಡಜೋಲ್‌ನ ನೈಟ್ರೋ ಗುಂಪು ಆ ಎಲೆಕ್ಟ್ರಾನನ್ನು ಹಿಡಿದ ಕೂಡಲೇ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುವ ವಸ್ತುವಾಗಿ ಡಿಎನ್‌ಎಯನ್ನು ಹಾಳುಮಾಡುತ್ತದೆ. ನಮ್ಮ ಜೀವಕೋಶದಲ್ಲಿ ಅಲ್ಪಸ್ವಲ್ಪ ಹಾಗಾದರೂ ಆಮ್ಲಜನಕ ಆ ಎಲೆಕ್ಟ್ರಾನನ್ನು ವಾಪಸ್ ಕಿತ್ತುಕೊಳ್ಳುತ್ತದೆ.

ಮಲೇರಿಯಾದಲ್ಲೂ ಇದೇ ತಂತ್ರ. ಮಲೇರಿಯಾ ತರುವ ಪರೋಪಜೀವಿ ಪ್ಲಾಸ್ಮೋಡಿಯಂ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ಉಳಿಯುವ ಹೀಮ್ ಎಂಬ ಕಬ್ಬಿಣವಿರುವ ಭಾಗ ಅದಕ್ಕೇ ಅಪಾಯ, ಹಾಗಾಗಿ ಅದನ್ನು ಹೀಮೋಜೋಯಿನ್ ಹರಳಾಗಿ ಕಟ್ಟಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಕಂದು ಚುಕ್ಕೆ ಅದೇ. ಚೀನಾದ ವಿಜ್ಞಾನಿ ಟು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ತಂದುಕೊಟ್ಟ ಮಲೇರಿಯಾ ಮದ್ದು ಆರ್ಟೆಮಿಸಿನಿನ್‌ನಲ್ಲಿ ಎರಡು ಆಮ್ಲಜನಕ ಪರಮಾಣುಗಳ ಸೇತುವೆ ಇದೆ. ಹೀಮ್‌ನ ಕಬ್ಬಿಣ ಎಲೆಕ್ಟ್ರಾನ್ ಕೊಟ್ಟರೆ ಸೇತುವೆ ಮುರಿಯುತ್ತದೆ, ಔಷಧ ಪರೋಪಜೀವಿಯ ಪ್ರೋಟೀನುಗಳ ಮೇಲೆ ಬೀಳುತ್ತದೆ.

ನನ್ನ ಆತಂಕ ಇಲ್ಲೇ ಇರುವುದು. ಮದ್ದನ್ನು ಎಬ್ಬಿಸುವವನೇ ಶತ್ರುವಾದರೆ, ತಪ್ಪಿಸಿಕೊಳ್ಳಲು ಅವನು ಎಬ್ಬಿಸುವ ಕೆಲಸವನ್ನು ಕಡಿಮೆ ಮಾಡಿದರೆ ಸಾಕು, ಅಲ್ವಾ? ಕೆಲ್ಚ್13 ಎಂಬ ಜೀನ್ ಬದಲಾದ ಪ್ಲಾಸ್ಮೋಡಿಯಂ ಎಳೆಯ ಹಂತದಲ್ಲಿ ಹಿಮೋಗ್ಲೋಬಿನ್ ತಿನ್ನುವುದನ್ನೇ ಇಳಿಸುತ್ತದೆ. ಹೀಮ್ ಕಮ್ಮಿ, ಹಾಗಾಗಿ ಔಷಧದ ಏಟೂ ಕಮ್ಮಿ. ಆಫ್ರಿಕಾದ ನಿದ್ರಾರೋಗಕ್ಕೆ ಕೊಡುವ ನಿಫರ್ಟಿಮಾಕ್ಸ್, ಫೆಕ್ಸಿನಿಡಜೋಲ್ ಎರಡನ್ನೂ ಎಬ್ಬಿಸುವುದು ನೈಟ್ರೋರಿಡಕ್ಟೇಸ್ ಎಂಬ ಒಂದೇ ಕಿಣ್ವ. ಅದು ಕುಗ್ಗಿದರೆ ಎರಡು ಮದ್ದಿಗೂ ಪೆಟ್ಟು.

ಪರೋಪಜೀವಿಯನ್ನು ಹೊಡೆಯಲು ಬೇರೆ ದಾರಿಯೂ ಇದೆ. ಇಂಥ ರೆಡಾಕ್ಸ್ ಏಟಿನಿಂದ ನಮ್ಮ ಜೀವಕೋಶಗಳನ್ನು ಕಾಯುವುದು ಗ್ಲುಟಾಥಯೋನ್ ಎಂಬ ಸಣ್ಣ ಅಣು. ಕಾಲಾ ಅಜಾರ್ ತರುವ ಲೀಶ್ಮೇನಿಯಾ ಮತ್ತು ನಿದ್ರಾರೋಗ ತರುವ ಟ್ರಿಪನೊಸೋಮ್‌ಗಳು ಅಂಥ ಎರಡು ಗ್ಲುಟಾಥಯೋನ್‌ಗಳನ್ನು ಇನ್ನೊಂದು ಅಣುವಾದ ಸ್ಪರ್ಮಿಡೀನ್‌ನಿಂದ ಜೋಡಿಸಿ ಟ್ರಿಪನೊಥಯೋನ್ ಮಾಡಿಕೊಳ್ಳುತ್ತವೆ. ಇದು ಗೊತ್ತಾದದ್ದು 1985ರಲ್ಲಿ. ಮನುಷ್ಯರಲ್ಲಿ ಇದಿಲ್ಲ. ಕಾಲಾ ಅಜಾರಿಗೆ ದಶಕಗಳಿಂದ ಕೊಡುತ್ತಿದ್ದ ಆಂಟಿಮನಿ ಈ ವ್ಯವಸ್ಥೆಯನ್ನೇ ಕೆಡಿಸುತ್ತದೆ ಎಂಬುದು ಆಮೇಲೆ ತಿಳಿಯಿತು.

ಆದರೆ ರೆಡಾಕ್ಸ್ ಮದ್ದು ಕೆಲವೊಮ್ಮೆ ನಮ್ಮ ಮೇಲೂ ತಿರುಗುತ್ತದೆ. ವೈವಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ ಅಡಗಿ ಮತ್ತೆ ಮರುಕಳಿಸದಂತೆ ಪ್ರಿಮಾಕ್ವಿನ್ ಕೊಡುತ್ತೇವೆ. ಜಿ6ಪಿಡಿ ಕಿಣ್ವ ಕಡಿಮೆ ಇರುವವರ ಕೆಂಪು ರಕ್ತಕಣಗಳಿಗೆ ಆ ಮದ್ದಿನ ರೆಡಾಕ್ಸ್ ಏಟು ತಡೆಯಲು ಬೇಕಾದಷ್ಟು ಎಲೆಕ್ಟ್ರಾನ್ ಸಂಗ್ರಹ ಇರುವುದಿಲ್ಲ, ಅವು ಒಡೆಯುತ್ತವೆ. ಮದ್ದು ಶುರು ಮಾಡುವ ಮುಂಚೆ ಜಿ6ಪಿಡಿ ಪರೀಕ್ಷೆ ಮಾಡಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಪ್ರಿಮಾಕ್ವಿನ್ ತಗೊಳ್ಳುವಾಗ ಮೂತ್ರ ಕಡುಗಪ್ಪಾದರೆ, ಕಣ್ಣು ಹಳದಿಯಾದರೆ, ಸುಮ್ನೆ ಕಾಯಬೇಡಿ. ಮಾತ್ರೆ ನಿಲ್ಲಿಸಿ ಅವತ್ತೇ ವೈದ್ಯರ ಬಳಿ ಹೋಗಿ.