ಕಡಲು ದೊಡ್ಡದಿತ್ತು

ದಾವಣಗೆರೆಯ ನನ್ನ ವ್ಯಂಗ್ಯಚಿತ್ರ ತರಗತಿಗೆ ಬರುವ ಹುಡುಗಿಯೊಬ್ಬಳು ಕಳೆದ ವಾರ ನಾಲ್ಕು ಚೌಕಗಳ ಚಿತ್ರಕಥೆ ತಂದಿದ್ದಳು. ಜುಲೈ ತಿಂಗಳು, ಮನೆಮಂದಿಯೆಲ್ಲ ಮುರುಡೇಶ್ವರದ ಕಡಲು ನೋಡಲು ಹೊರಡುತ್ತಾರೆ. ಅಲ್ಲಿ ಬಿಡದೆ ಸುರಿಯುವ ಮಳೆ, ನೀರಿಗಿಳಿಯಬಾರದೆಂದು ಕೆಂಪು ಬಾವುಟ. ಮೂರನೆಯ ಚೌಕದಲ್ಲಿ ಅಪ್ಪ 'ಅಯ್ಯೋ, ಬಂದದ್ದೆಲ್ಲ ದಂಡವಾಯಿತು!' ಎಂದು ಕೂಗುತ್ತಾನೆ. ಕಥೆ ಚೆನ್ನಾಗಿತ್ತು, ನಗು ಬರಲಿಲ್ಲ.

ಮೊದಲು ಆ ಮಾತನ್ನು ಅಳಿಸಲು ಹೇಳಿದೆ. ಚಿತ್ರ ಹೇಳಿದ್ದನ್ನೇ ಮಾತೂ ಹೇಳಿದರೆ ಓದುಗರಿಗೆ ಕೆಲಸ ಉಳಿಯುವುದಿಲ್ಲ. ಚೌಕಗಳ ನಡುವಿನ ಬಿಳಿಯ ಸಂದಿನಲ್ಲಿ ಸಾಗರ, ಜೋಗ, ಹೊನ್ನಾವರದ ದಾರಿಯನ್ನೆಲ್ಲ ಕಲ್ಪಿಸಿಕೊಂಡು ಬಂದವರು ಅವರು. ನಿರಾಶೆಯನ್ನೂ ಅವರೇ ಕಂಡುಕೊಳ್ಳಬೇಕು. ಹಾಗಾಗಿ ಆ ಚೌಕ ಮೌನವಾಯಿತು. ನಾಲ್ವರೂ ನಮಗೆ ಬೆನ್ನು ಮಾಡಿ ನಿಂತಿದ್ದಾರೆ; ಕಡಲು ಯಾವುದು, ಆಕಾಶ ಯಾವುದು ತಿಳಿಯದಂಥ ಬೂದು ಬಣ್ಣ. ಇರುವ ಒಂದೇ ಕೊಡೆಯನ್ನು ಹೆಂಡತಿ ಮಕ್ಕಳ ಮೇಲೆ ಹಿಡಿದು ಅಪ್ಪ ತೊಯ್ಯುತ್ತಿದ್ದಾನೆ. ಈ ಕೊಡೆಗಾಗಿ ನಾನು ಹಟ ಹಿಡಿದೆ. ದುಡ್ಡು ಹೊಂದಿಸಿ, ರಜೆ ಕೇಳಿ ಮನೆಯವರನ್ನು ಕರೆತಂದವನನ್ನು ಪೆದ್ದನನ್ನಾಗಿ ಬಿಡಿಸುವುದು ಸುಲಭ. ಆ ನಗು ಅರೆಗಳಿಗೆಯೂ ನಿಲ್ಲುವುದಿಲ್ಲ.

ದೂರದಲ್ಲಿ ಅವಳು ಮೀನುಗಾರಿಕೆಯ ಯಾಂತ್ರಿಕ ದೋಣಿಗಳನ್ನು ತೇಲಿಸಿದ್ದಳು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಅವು ಕಡಲಿಗಿಳಿಯುವಂತಿಲ್ಲ. ಬಲ್ಲವರಿಗೆ ಅಲ್ಲೇ ಚಿತ್ರದ ಮೇಲಿನ ನಂಬಿಕೆ ಹೋಗುತ್ತದೆ. ದೋಣಿ ತೆಗೆದೆವು. ಬದಲಿಗೆ ಏನು? 'ಸರ್, ತಂಗಿಯ ಕೈಯಲ್ಲಿ ಮಂಡಕ್ಕಿ ಚೀಲ' ಎಂದಳು ಅವಳು.

ನನಗೆ ರೋಮಾಂಚನವಾಯಿತು. ವರ್ಷಕ್ಕೆ ಸುಮಾರು 650 ಮಿ.ಮೀ. ಮಳೆಯ ನಮ್ಮೂರಿನಲ್ಲಿ ಭಟ್ಟಿಯಿಂದ ತಂದ ಮಂಡಕ್ಕಿ ಗರಿಗರಿಯಾಗಿರುತ್ತದೆ, 3000 ಮಿ.ಮೀ. ಮೀರುವ ಕರಾವಳಿಯ ತೇವಕ್ಕೆ ಚೀಲ ಬಿಚ್ಚಿದರೆ ಮೆತ್ತಗಾಗಿಬಿಡುತ್ತದೆ. ಮೊದಲ ಚೌಕದಲ್ಲಿ ತಂಗಿ ತಿನ್ನುವಾಗ 'ಕುರುಂ ಕುರುಂ' ಎಂದು ದಪ್ಪಕ್ಷರ. ಮೂರನೆಯದರಲ್ಲಿ ಕೈ ಚೀಲದೊಳಗಿದೆ, ಅಕ್ಷರವಿಲ್ಲ. ಸದ್ದನ್ನು ಬರೆದು ತೋರಿಸುವ ಕಲೆಗೆ ಸದ್ದಡಗಿದ್ದನ್ನು ತೋರಿಸುವ ಶಕ್ತಿಯೂ ಇದೆ.

ಕೊನೆಯ ಚೌಕದಲ್ಲಿ ಊರಿನ ಬಿಸಿಲು. ಅಮ್ಮ ಮಾಳಿಗೆಯ ಮೇಲೆ ಮಂಡಕ್ಕಿ ಒಣಹಾಕಿದ್ದಾಳೆ. 'ಕಡಲು ಹೇಗಿತ್ತು?' ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಅಪ್ಪ ಹೇಳುತ್ತಾನೆ: 'ದೊಡ್ಡದಿತ್ತು.'

ತರಗತಿಯ ಮಕ್ಕಳೆಲ್ಲ ಒಟ್ಟಿಗೆ ನಕ್ಕರು. ಅವಳು ಈಗ ಮಂಡಕ್ಕಿಯ ಒಂದೊಂದು ಕಾಳಿಗೂ ನೆರಳು ಬಿಡಿಸುತ್ತಿದ್ದಾಳೆ.