ವರದಿಯಲ್ಲಿ ನದಿಯ ಹೆಸರಿದೆಯಾ?

ಪ್ರಶ್ನೆ: ಮಂಗಳೂರಿನ ಎರಡು ಕಂಪನಿಗಳ ಷೇರು ಇಟ್ಟುಕೊಂಡಿದ್ದೇನೆ. ಸುಸ್ಥಿರ ಹಣಕಾಸಿನ (ಅಂದ್ರೆ ಪರಿಸರವನ್ನೂ ನೋಡಿ ಸಾಲ, ಹೂಡಿಕೆ ಮಾಡುವುದರ) ಚರ್ಚೆಯಲ್ಲಿ ಭಾಗವಹಿಸಿದೆವು, ಪ್ರಕೃತಿ ಸಂಬಂಧಿ ಅಪಾಯ ಗುರುತಿಸಿದ್ದೇವೆ ಅಂತ ವಾರ್ಷಿಕ ವರದಿಯಲ್ಲಿ ಬರೆದಿರುತ್ತಾರೆ. ಇದೆಲ್ಲ ಸುಮ್ನೆ ತೋರಿಕೆಯಾ? – ಓದುಗರೊಬ್ಬರು, ಉಡುಪಿ

ಉತ್ತರ: ಸಭೆಯ ಫೋಟೊ ಇರುವ ಪುಟ ದಾಟಿಬಿಡಿ. ಕಂಪನಿ ನೀರು ತೆಗೆದುಕೊಳ್ಳುವ ನದಿಯ ಹೆಸರು ಎಲ್ಲಾದರೂ ಇದೆಯಾ ಹುಡುಕಿ.

2019ರ ಮೇ ತಿಂಗಳು ನೆನಪಿದೆ ಅಲ್ವಾ? ನೇತ್ರಾವತಿ ಬತ್ತುತ್ತಾ ಬಂದಿತ್ತು. ಮಂಗಳೂರಿನ ನಲ್ಲಿಗಳಲ್ಲಿ ನೀರು ಕೆಲವು ದಿನ ಬಂದು ಕೆಲವು ದಿನ ನಿಲ್ಲುತ್ತಿತ್ತು. ಇಲ್ಲಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಕೂಡ ನೀರು ಸಾಲದೆ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಎಣ್ಣೆ ಕಂಪನಿಯ ಕೆಲಸ ನೀರಿಗಾಗಿ ನಿಂತಿತು! ಆಮೇಲೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿದರು. ಪ್ರಕೃತಿ ಸಂಬಂಧಿ ಅಪಾಯ ಅಂದ್ರೆ ಇದೇ.

ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ವರದಿ, ಅಂದ್ರೆ ವ್ಯವಹಾರದ ಹೊಣೆ ಮತ್ತು ಸುಸ್ಥಿರತೆಯ ವರದಿ, ಕೊಡಲೇಬೇಕು. ಅದರ ಆರನೇ ತತ್ವ ಪರಿಸರದ್ದು. ನದಿ-ಕೆರೆಯಿಂದ ಎಷ್ಟು ನೀರು, ಬೋರ್‌ವೆಲ್‌ನಿಂದ ಎಷ್ಟು, ಸಮುದ್ರದಿಂದ ಎಷ್ಟು ಅಂತ ಅಲ್ಲಿ ಬೇರೆಬೇರೆ ಲೆಕ್ಕ ಇರುತ್ತದೆ. ಆದರೆ ನೀರಿನ ಅಭಾವ ಇರುವ ಜಾಗದ ಹೆಸರು ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಕಂಪನಿಯ ಇಷ್ಟ. ನನ್ನ ತಕರಾರು ಇನ್ನೊಂದಿದೆ: ಲೆಕ್ಕವೆಲ್ಲ ಇಡೀ ವರ್ಷದ್ದು. ನಮ್ಮ ಕರಾವಳಿಗೆ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ. ಆ ಲೆಕ್ಕ ನೋಡಿದರೆ ನೀರಿಗೇನು ಬರ? ಜುಲೈಯಲ್ಲಿ ಅಂಗಳ ತುಂಬ ನೀರು, ಮೇಯಲ್ಲಿ ಬಾವಿಯ ತಳದ ಕಲ್ಲು.

ಬ್ಯಾಂಕಿನ ಷೇರಾದರೆ ನೋಡುವ ಬಗೆ ಬೇರೆ. ಬ್ಯಾಂಕಿಗೆ ನೀರು ಜಾಸ್ತಿ ಬೇಡ, ಅಪಾಯ ಇರುವುದು ಕೊಟ್ಟ ಸಾಲದಲ್ಲಿ. ಮಲ್ಪೆ ದಕ್ಕೆಗೆ ಹೋಗಿ ನೋಡಿ. ಬೂತಾಯಿ ಮೀನು ಸಿಗದ ವರ್ಷ ಬೋಟಿನವರ ಕಂತು ತಪ್ಪುತ್ತದೆ. ಐಸ್ ಪ್ಲಾಂಟಿನವರದ್ದೂ ತಪ್ಪುತ್ತದೆ, ಮೀನಿನ ಹಿಟ್ಟು ಮಾಡುವ ಫಿಶ್‌ಮೀಲ್ ಕಾರ್ಖಾನೆಯದ್ದೂ. ಬ್ಯಾಂಕಿನ ಪುಸ್ತಕದಲ್ಲಿ ಮೂರು ಬೇರೆ ಸಾಲ, ಸಮುದ್ರದಲ್ಲಿ ಒಂದೇ ಮೀನು. ಈ ನಂಟನ್ನು ಬರೆದ ವರದಿ ಸಿಕ್ಕರೆ ಓದಲು ಯೋಗ್ಯ.

ಪ್ರಕೃತಿ ಸಂಬಂಧಿ ಅಪಾಯವನ್ನು ವರದಿಯಲ್ಲಿ ಹೇಗೆ ಬರೆಯಬೇಕು ಅಂತ ಹೇಳುವ ಟಿಎನ್‌ಎಫ್‌ಡಿ ಎಂಬ ಅಂತರರಾಷ್ಟ್ರೀಯ ಚೌಕಟ್ಟು 2023ರ ಸೆಪ್ಟೆಂಬರಿನಲ್ಲಿ ಬಂತು. ಒಟ್ಟು 14 ಶಿಫಾರಸುಗಳು, ಕಡ್ಡಾಯವಲ್ಲ. ಅದು ಹೇಳಿಕೊಡುವ ವಿಧಾನದ ಮೊದಲ ಹೆಜ್ಜೆಯೇ ‘ನೀವು ಎಲ್ಲಿದ್ದೀರಿ, ಗುರುತಿಸಿ’ ಅಂತ. ಇಂಗಾಲದ ಹೊಗೆ ಎಲ್ಲಿಂದ ಹೊರಟರೂ ಲೆಕ್ಕ ಒಂದೇ. ನೀರು, ಮೀನು, ಕಾಂಡ್ಲಾ ಕಾಡು ಹಾಗಲ್ಲ, ಊರಿಗೊಂದು ಲೆಕ್ಕ.

ಚರ್ಚೆಗೆ ಹೋಗುವುದು ತಪ್ಪೇನಲ್ಲ. ಸಾಲ ಕೊಡುವವರು ಏನು ಕೇಳುತ್ತಾರೆ ಅಂತ ಅಲ್ಲೇ ಗೊತ್ತಾಗುವುದು. ಹೋಗಿಬಂದ ಮೇಲೂ ವರದಿಯ ಸಾಲುಗಳು ಹೋದ ವರ್ಷದ್ದೇ ಇದ್ದರೆ ಮಾತ್ರ ಅನುಮಾನ ಪಡಿ.

ಈಗ ವಾರ್ಷಿಕ ಸಭೆಗಳು ಹೆಚ್ಚಾಗಿ ವಿಡಿಯೊದಲ್ಲೇ ನಡೆಯುತ್ತವೆ. ಮೊದಲೇ ಹೆಸರು ಕೊಟ್ಟರೆ ಹತ್ತು ಷೇರಿನವರೂ ಮಾತಾಡಬಹುದು. ನೀವು ಒಂದೇ ಪ್ರಶ್ನೆ ಕೇಳಿ: ಮುಂಗಾರು ಮೂರು ವಾರ ತಡವಾದರೆ ಕಾರ್ಖಾನೆ ಎಷ್ಟು ದಿನ ಓಡುತ್ತದೆ?