ಕಾಫಿಯ ತುಕ್ಕಿಗೆ ಜಿಂಕೆ ಹತ್ತಿರದ ನೆಂಟ

ಕಾಫಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಾಗಿ ಕಾಣುವ ಎಲೆತುಕ್ಕು ಗಿಡದ್ದೇ ಒಂದು ಭಾಗ ಎನ್ನುವಷ್ಟು ಅದಕ್ಕೆ ಅಂಟಿಕೊಂಡಿರುತ್ತದೆ. ಆದರೂ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಈ ಶಿಲೀಂಧ್ರ ಕಾಫಿ ಗಿಡಕ್ಕಿಂತ ಬಂಡೀಪುರದ ಚುಕ್ಕೆ ಜಿಂಕೆಗೆ ಹತ್ತಿರದ ನೆಂಟ. ಪ್ರಾಣಿಗಳೂ ಶಿಲೀಂಧ್ರಗಳೂ ಸುಮಾರು ನೂರು ಕೋಟಿ ವರ್ಷಗಳಷ್ಟು ಹಿಂದೆ ಒಂದೇ ಏಕಕೋಶ ಜೀವಿಯಿಂದ ಕವಲೊಡೆದವು. ಗಿಡ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಟ್ಟರೆ ಇವೆರಡೂ ಗ್ಲೈಕೋಜನ್ ಆಗಿ ಕೂಡಿಡುತ್ತವೆ.

ಊಟದ ಕ್ರಮ ಮಾತ್ರ ಪೂರ್ತಿ ಬೇರೆ. ಜಿಂಕೆಯ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲಿಲ್ಲ. ಕೆಳಹಲ್ಲನ್ನು ಮೇಲಿನ ಗಟ್ಟಿ ವಸಡಿಗೆ ಒತ್ತಿ ಹುಲ್ಲು ಕೀಳುತ್ತದೆ, ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ತುಕ್ಕಿಗೆ ಎಲೆ ಜೀವಂತವಾಗಿಯೇ ಇರಬೇಕು. ಎಲೆ ಒದ್ದೆಯಾಗಿದ್ದು ಬಿಸಿ 22 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಬೀಜಕಣ ಕತ್ತಲಲ್ಲಿ ಕೆಲವೇ ಗಂಟೆಗಳಲ್ಲಿ ಮೊಳೆತು ಪತ್ರರಂಧ್ರವನ್ನು ಹುಡುಕುತ್ತದೆ. ಕಾಫಿಯಲ್ಲಿ ಆ ರಂಧ್ರಗಳಿರುವುದು ಎಲೆಯ ಅಡಿಭಾಗದಲ್ಲಿ. ಒಳಹೊಕ್ಕ ಶಿಲೀಂಧ್ರದ ನೂಲಿನಂಥ ಎಳೆ ಕೋಶದ ಗೋಡೆಯನ್ನು ಕೊರೆಯುತ್ತದೆ, ಆದರೆ ಒಳಪೊರೆಯನ್ನು ಹರಿಯುವುದಿಲ್ಲ. ಅದನ್ನು ಒಳಕ್ಕೆ ಒತ್ತಿ, ಆ ತಗ್ಗಿನಲ್ಲಿ ಕೂತು ಸಕ್ಕರೆ ಹೀರುತ್ತದೆ. ಕೆಲವು ವಾರಗಳ ನಂತರವಷ್ಟೇ ಕಿತ್ತಳೆ ಪುಡಿ ಹೊರಬೀಳುತ್ತದೆ. ಎಲೆ ಉದುರಿದರೆ ಅದರ ಊಟವೂ ಮುಗಿಯಿತು.

ಪುಡಿ ಕಂಡ ಮೇಲೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದರೆ ಒಳಗಿನ ಎಳೆಗೆ ಏನೂ ಆಗದಿರುವುದು ಇದರಿಂದಲೇ. ತಾಮ್ರ ಕೊಲ್ಲುವುದು ಎಲೆಯ ಮೇಲೆ ಮೊಳೆಯುವ ಕಣವನ್ನು. ಹಾಗಾಗಿ ಮಳೆಗಾಲಕ್ಕೆ ಮೊದಲೇ, ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಬೇಕು. ಮೇಲಷ್ಟೇ ಹೊಡೆದ ಔಷಧಿ ಹೆಚ್ಚುಕಡಿಮೆ ವ್ಯರ್ಥ. ಶೇ. 0.5ರ ದ್ರಾವಣಕ್ಕೆ 200 ಲೀಟರಿಗೆ 1 ಕಿಲೊ ಮೈಲುತುತ್ತ ಸಾಕು. ಅದನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಲೆ ಸುಡುತ್ತದೆ. ತಯಾರಿಸಿದ ದಿನವೇ ಬಳಸಿ ಮುಗಿಸಬೇಕು.

ಒಳಗೆ ಸೇರಿದ ತುಕ್ಕಿಗೆ ಎಲೆಯೊಳಕ್ಕೆ ಇಳಿಯುವ ಹೆಕ್ಸಾಕೊನಜೋಲ್‌ನಂಥ ಔಷಧಿ ಬೇಕು. ನೆಂಟಸ್ತಿಕೆಯ ತೊಡಕು ಇಲ್ಲಿ ಎದುರಾಗುತ್ತದೆ. ಈ ಔಷಧಿ ತಡೆಯುವುದು ಶಿಲೀಂಧ್ರ ತನ್ನ ಪೊರೆಗೆ ಬೇಕಾದ ಅರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ತಯಾರಿಸುವ ಒಂದು ಹಂತವನ್ನು. ಪ್ರಾಣಿಗಳು ಕೊಲೆಸ್ಟೆರಾಲ್ ತಯಾರಿಸುವಾಗಲೂ ಅಂಥದೇ ಹಂತವಿದೆ. ಹಾಗಾಗಿ ಅಳತೆ ಮೀರಬಾರದು, ಕೈಗವಸು, ಮುಖಗವಸು ಬಿಡಬಾರದು.

ಇನ್ನು ಜಿಂಕೆ ಸ್ವತಃ ಸೆಲ್ಯುಲೋಸನ್ನು ಜೀರ್ಣಿಸಿಕೊಳ್ಳಲಾರದು. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ಆ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮತ್ತು ಇತರ ಸೂಕ್ಷ್ಮಜೀವಿಗಳು. ಅವುಗಳಲ್ಲಿ ಆಮ್ಲಜನಕ ಬೇಡದ ಶಿಲೀಂಧ್ರಗಳೂ ಇವೆ ಎಂದು 1975ರಲ್ಲಿ ಕುರಿಯ ಹೊಟ್ಟೆಯಲ್ಲಿ ಗುರುತಿಸಲಾಯಿತು. ಅವು ನಾರಿನೊಳಗೆ ಎಳೆ ಇಳಿಸಿ ಅದನ್ನು ಸೀಳುತ್ತವೆ. ಅವುಗಳ ಬೀಜಕಣಗಳು ಹಿಂಬದಿಯ ಬಾಲ ಬಡಿದು ಈಜುತ್ತವೆ. ಪ್ರಾಣಿಗಳ ವೀರ್ಯಾಣುವಿಗೂ ಬಾಲವಿರುವುದು ಹಿಂದೆಯೇ, ಆ ಹಳೆಯ ಪೂರ್ವಜನಿಂದ ಬಂದದ್ದು. ತುಕ್ಕು ಮಾತ್ರ ಬಾಲ ಕಳೆದುಕೊಂಡು ಗಾಳಿ, ಮಳೆಹನಿಗಳನ್ನು ನೆಚ್ಚಿದೆ.